ಎಲ್ಲ ಡಿಸ್ಕಿನಲ್ಲೂ ಬರುವ ಅಜ್ಜಿ

ಇಳಕಲ್
ಗುರುವಾರ, ೧೮ ಜನವರಿ ೨೦೦೭

ಹುಚ್ಚೇಶ ಅವರಿಗೆ ಚೇತನಾಳ ನಮಸ್ಕಾರ.

ಶಿರೂರಿನ ನಿಮ್ಮ ಸೋದರಮಾವನ ಮನೆಯಿಂದ ನೀವು ಬರೆದ ಪತ್ರ ಸೋಮವಾರ ಕೈಸೇರಿತು. ಮೂರು ದಿನ ಅದನ್ನು ಮಡಿಚಿ ಸುಮಾಳ ಬಟ್ಟೆಗಳ ಕೆಳಗೆ ಇಟ್ಟಿದ್ದೆ. ಅಂದೇ ಉತ್ತರ ಬರೆದಿದ್ದರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಆ ನಾಲ್ಕು ಸಾಲು ನಿಮ್ಮ ಮಾವನವರ ಕಣ್ಣಿಗೆ ಬಿದ್ದಿದ್ದರೆ ನಿಮಗೆ ಅಲ್ಲಿ ಊಟಕ್ಕೆ ಕೂಡುವುದೂ ಕಷ್ಟವಾಗುತ್ತಿತ್ತು. ಇಲ್ಲಿ ನಾನು, ಸುಮಾ, ನನ್ನ ತಮ್ಮ ಬಸವಂತ ಮೂವರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇವೆ. ಮಗಳ ಕೆಮ್ಮು ಕಡಿಮೆಯಾಗಿದೆ. ನೀವು ಕೇಳಿದ್ದೀರಿ, ಅದಕ್ಕೇ ಬರೆದೆ.

ಫೆಬ್ರುವರಿ ಆರಕ್ಕೆ ಹುನಗುಂದದ ಕೋರ್ಟಿನಲ್ಲಿ ನಾನು ಏನು ಹೇಳಬೇಕೆಂಬುದನ್ನು ನೀವು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದೀರಿ. ಠಾಣೆಯಲ್ಲಿ ಸಿಟ್ಟಿನ ಭರದಲ್ಲಿ ಏನೋ ಹೇಳಿದೆ, ಡಿಸ್ಕ್ ಬರೆಯುವ ಆ ಮಷೀನು ನನ್ನ ತಮ್ಮನದೇ, ನನ್ನ ಗಂಡನಿಗೆ ಏನೂ ಗೊತ್ತಿಲ್ಲ ಎಂದು. ಅದಕ್ಕೆ ಉತ್ತರ ಕೊಡುವ ಮೊದಲು ಆ ಮಷೀನು ನಮ್ಮ ಮನೆಗೆ ಬಂದ ಬಗೆಯನ್ನು ಒಮ್ಮೆ ಬರೆಯುತ್ತೇನೆ. ನೀವು ಎಲ್ಲವನ್ನೂ ಮರೆತವರ ಹಾಗೆ ಬರೆದಿದ್ದೀರಿ.

ಎರಡು ಸಾವಿರದ ಐದರ ದಸರೆ ಆಗಷ್ಟೇ ಮುಗಿದಿತ್ತು. ಬಾಗಲಕೋಟೆಯ ನವನಗರದ ಮನೆಯಲ್ಲಿ ನಮ್ಮಿಬ್ಬರ ದೊಡ್ಡ ಆಸ್ತಿ ಎಂದರೆ ಸಿನಿಮಾ ಡಿಸ್ಕುಗಳು. ತಿಂಗಳಿಗೊಂದು ಕೊಂಡು ತಂದು, ಪ್ಲಾಸ್ಟಿಕ್ ಸುತ್ತನ್ನು ಕತ್ತರಿಯಿಂದ ಬಿಡಿಸಿ, ಒಟ್ಟಿಗೆ ಕೂತು ನೋಡುತ್ತಿದ್ದೆವು. ಸುಮಾಳಿಗೆ ಮೂರು ವರ್ಷ. ಒಂದು ದಿನ ಅವಳು ಹೊಸ ಡಿಸ್ಕಿನ ಮೇಲೆ ಚುರುಮುರಿ ಸುರಿದುಕೊಂಡು ತಟ್ಟೆ ಮಾಡಿಕೊಂಡಿದ್ದಳು. ಇನ್ನೊಂದನ್ನು ಅಂಗಳದ ಕಲ್ಲಿನ ಮೇಲೆ ತಿರುಗಿಸಿ ಆಡಿದ್ದಳು. ಅದನ್ನು ಹಾಕಿದರೆ ನಾಯಕಿ ಅಳುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ನೀವು ನಕ್ಕು, “ಒಂದು ಡಿಸ್ಕ್ ಬರಿಯೂ ಮಷೀನ್ ತಗೊಳ್ಳೂಣು. ಕೊಂಡಿದ್ದನ್ನ ಜೋಪಾನ ಮಾಡಿ ಇಟ್ಟು ಮಗಳಿಗೆ ನಕಲು ಕೊಡೂಣು” ಎಂದಿರಿ. ಆ ಮಾತು ನನಗೆ ಎಷ್ಟು ಹಿಡಿಸಿತೆಂದು ನಿಮಗೆ ಗೊತ್ತು.

ಮಲೀಕಸಾಬರ ಅಂಗಡಿಯಲ್ಲಿ ಗಾಜಿನ ಮೇಲೆ ಮೂರು ಡಬ್ಬಿ ಇಟ್ಟಿದ್ದರು. ನೀವು ಎಲ್ಲಕ್ಕಿಂತ ವೇಗದ್ದು ಬೇಕೆಂದಿರಿ. ಡಿಸ್ಕಿನಲ್ಲಿ ಪ್ಲಸ್ ಮತ್ತು ಮೈನಸ್ ಎಂದು ಎರಡು ಜಾತಿ, ಹಳೆಯ ಪ್ಲೇಯರುಗಳು ಎರಡನ್ನೂ ಓದುವುದಿಲ್ಲ ಎಂದು ಅವರು ವಿವರಿಸಿದರು. ನಮ್ಮ ಪ್ಲೇಯರು ಯಾವುದನ್ನು ಓದುತ್ತದೆಂದು ನಮಗೆ ಗೊತ್ತಿರಲಿಲ್ಲ. ಮರುದಿನ ನಾನು ಅದನ್ನು ಚಾದರದಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಅಂಗಡಿಗೇ ಒಯ್ದೆ. ಮಲೀಕಸಾಬರು ಎರಡೂ ಬಗೆಯ ಡಿಸ್ಕು ಬರೆದು ಹಾಕಿ ತೋರಿಸಿದರು. ಪ್ಲಸ್ ಹಾಕಿದರೆ ಕರಕರ ಅಂದು ಹೊರಗೆ ತಳ್ಳಿತು. ಮೈನಸ್ ಹಾಕಿದರೆ ಸುಮ್ಮನೆ ಓಡಿತು. “ಕನ್ಯಾ ನೋಡಿದಂಗ ನೋಡಿ ತಗೊಂಡವರು ನೀವ ಮೊದಲನೇದವರು ನೋಡ್ರಿ ಅಕ್ಕಾರ” ಎಂದು ಅವರು ನಕ್ಕರು. ಮುಂದೆ ಪ್ಲೇಯರು ಬದಲಾದರೂ ತೊಂದರೆ ಆಗಬಾರದೆಂದು ಮನೆಯ ಕಂಪ್ಯೂಟರಿನೊಳಗೆ ಕೂಡಿಸುವ, ಎರಡೂ ಜಾತಿಯನ್ನು ಬರೆಯುವ ಮಷೀನನ್ನೇ ಆರಿಸಿದೆ. ಬಿಲ್ಲು ಬರೆಯುವಾಗ ನೀವು, “ಆರಿಸಿದಾಕಿ ಇಕಿ. ಇಕಿ ಹೆಸರ ಹಾಕ್ರಿ” ಎಂದಿರಿ. ನನ್ನ ಹೆಸರಿನಲ್ಲಿ ಮನೆಗೆ ಬಂದ ಮೊದಲ ವಸ್ತು ಅದು. ಹಾದಿಯುದ್ದಕ್ಕೂ ಆ ಬಿಲ್ಲನ್ನು ಎರಡು ಸಲ ಬಿಚ್ಚಿ ಓದಿದೆ. ನೀವು ನೋಡಿರಲಿಲ್ಲ.

ಆಮೇಲಿನ ನಾಲ್ಕೈದು ತಿಂಗಳು ನಮ್ಮ ಮದುವೆಯ ಒಳ್ಳೆಯ ದಿನಗಳಾಗಿದ್ದವು ಎಂದು ನಾನು ಈಗಲೂ ಹೇಳುತ್ತೇನೆ. ಕೊಂಡ ಸಿನಿಮಾ ದೊಡ್ಡದು, ಖಾಲಿ ಡಿಸ್ಕು ಚಿಕ್ಕದು. ಯಾವ ಭಾಷೆ ಬಿಡಬೇಕು, ಯಾವ ಹೆಚ್ಚುವರಿ ತುಣುಕು ತೆಗೆಯಬೇಕು ಎಂದು ಇಬ್ಬರೂ ಚರ್ಚೆ ಮಾಡುತ್ತಿದ್ದೆವು. ಅವಸರ ಮಾಡಿದರೆ ಡಿಸ್ಕು ಕೆಡುತ್ತದೆಂದು ಗೊತ್ತಾದ ಮೇಲೆ ನೀವೂ ನಿಧಾನದ ವೇಗಕ್ಕೆ ಒಪ್ಪಿದಿರಿ. ಬರೆಯುವಾಗ ಕರೆಂಟು ಹೋದರೆ ಎಲ್ಲ ಹಾಳು, ಅದಕ್ಕೇ ಲೋಡ್ ಶೆಡ್ಡಿಂಗಿನ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಕೊಂಡ ಡಿಸ್ಕಿನದು ಮಾತ್ರ ನಕಲು, ಒಂದಕ್ಕೆ ಒಂದೇ, ಅದೂ ಮನೆಯೊಳಗೇ ಎಂದು ನಾನು ಹೇಳಿದ್ದೆ. ನೀವು ಹೂಂ ಅಂದಿದ್ದಿರಿ.

ಆ ದೀಪಾವಳಿಗೆ ನಿಮ್ಮ ಕಾಲೇಜಿನ ಗೆಳೆಯರ ಕ್ಯಾಮೆರಾ ತಂದು ಇಳಕಲ್ಲಿನಲ್ಲಿ ನೀವೇ ತೆಗೆದ ತುಣುಕು ಒಂದಿತ್ತು. ನಮ್ಮವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಳೆ, ತೊಡೆಯ ಮೇಲೆ ಸುಮಾ. ಅವ್ವ ಲಾಳಿ ಎಸೆಯುವುದನ್ನು ನಿಲ್ಲಿಸಿ ಕ್ಯಾಮೆರಾ ಕಡೆ ನೋಡಿ, “ಏನ್ ನೋಡ್ತೀರಿ, ಸಾಕ್ ಹೋಗ್ರೆಪಾ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಹನ್ನೆರಡು ಸೆಕೆಂಡು. ಸುಮಾಳ ಡಿಸ್ಕುಗಳು ಯಾವುವು ಎಂದು ಅವಳಿಗೇ ಗೊತ್ತಾಗಲೆಂದು ನಾನು ಪ್ರತಿಯೊಂದು ನಕಲಿನ ಮೊದಲಿಗೂ ಅದನ್ನು ಸೇರಿಸಿದೆ. ಅವಳು ಸಿನಿಮಾದ ಹೆಸರು ಕೇಳುತ್ತಿರಲಿಲ್ಲ, “ಅಜ್ಜಿದು ಹಾಕು” ಎನ್ನುತ್ತಿದ್ದಳು. ಮಾರ್ಚಿನಲ್ಲಿ ಅವ್ವ ತೀರಿಕೊಂಡಳು. ಅವಳ ಫೋಟೋ ಮೂರು ಇವೆ. ಅವಳು ಅಲುಗಾಡಿ, ಮಾತಾಡಿದ್ದು ಮಾತ್ರ ಆ ಹನ್ನೆರಡು ಸೆಕೆಂಡಿನಲ್ಲಿ. ಅವ್ವನ ದಿನಕರ್ಮ ಮುಗಿಸಿ ಬಂದ ವಾರ ನೀವು ದಿನವೂ ನನಗೆ ಅದನ್ನು ಹಾಕಿ ತೋರಿಸಿ, ಪಕ್ಕದಲ್ಲಿ ಕೂಡುತ್ತಿದ್ದಿರಿ. ನಾನು ಅದನ್ನು ಮರೆತಿಲ್ಲ. ಮರೆಯಲು ಸಾಧ್ಯವಾಗಿದ್ದರೆ ಈ ಪತ್ರ ಸುಲಭವಾಗುತ್ತಿತ್ತು.

ನವೆಂಬರಿನಲ್ಲಿ ಚಿಕ್ಕವ್ವನನ್ನು ರೈಲು ಹತ್ತಿಸಲು ನಾನು, ಸುಮಾ ಬಾದಾಮಿಗೆ ಹೋಗಿದ್ದೆವಲ್ಲ. ನಾನು ಅಲ್ಲಿ ನೋಡಿದ್ದನ್ನು ನಿಮಗೆ ಆಗ ಅರ್ಧವೇ ಹೇಳಿದ್ದೆ. ಪೂರ್ತಿ ಇಲ್ಲಿ ಬರೆಯುತ್ತೇನೆ.

ಸ್ಟೇಷನ್ನಿನ ಹತ್ತಿರದ ಚಹಾದಂಗಡಿಯಲ್ಲಿ ಕೂತಿದ್ದೆವು. ಅಟ್ಟದ ಮೇಲಿನ ಟಿ.ವಿ.ಯಲ್ಲಿ ಮಾಲೀಕ ಹೊಸ ಡಿಸ್ಕು ಹಾಕಿದ. ಪರದೆ ನೀಲಿಯಾಯಿತು. ಆಮೇಲೆ ಅಲ್ಲಿ ನಮ್ಮವ್ವ ಬಂದಳು. ಮಗ್ಗ, ಲಾಳಿ, ತೊಡೆಯ ಮೇಲೆ ಸುಮಾ. ಸುಮಾ ಬಿಸ್ಕೀಟು ಕೈಬಿಟ್ಟು ಎದ್ದು ನಿಂತು, “ಅಜ್ಜಿ! ಅಜ್ಜಿ!” ಎಂದು ಕೂಗಿದಳು. ಪಕ್ಕದ ಬೆಂಚಿನವರು ಅವ್ವ ಮಾತಾಡುವ ಮೊದಲೇ, “ಏನ್ ನೋಡ್ತೀರಿ, ಸಾಕ್ ಹೋಗ್ರೆಪಾ” ಎಂದು ಅವಳ ಹಾಗೆಯೇ ಧ್ವನಿ ತೆಗೆದು ಹೇಳಿ, ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರಿಗೆ ಅದು ಬಾಯಿಪಾಠವಾಗಿತ್ತು. ನಾನು ಮಾಲೀಕನನ್ನು ಇದು ಯಾರೆಂದು ಕೇಳಿದೆ. ಅವನು ಕಪ್ಪು ತೊಳೆಯುತ್ತಲೇ, “ಎಲ್ಲಾ ಡಿಸ್ಕಿನ್ಯಾಗೂ ಬರ್ತಾಳರಿ ಈ ಮುದುಕಿ. ಕಂಪನಿ ಗುರ್ತು ಇರಬೇಕ್ರಿ. ಇಕಿ ಬಂದ್ಳು ಅಂದ್ರ ಪ್ರಿಂಟ್ ಭಾಳ ಚಲೋ ಇರ್ತೈತಿ” ಎಂದ. ಬನಶಂಕರಿ ಗುಡಿಯ ಹತ್ತಿರದ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ ಎಂದೂ ಹೇಳಿದ.

ಅವನು ಕೆಟ್ಟವನಲ್ಲ. ಅವನ ಮಟ್ಟಿಗೆ ಅದು ಹೊಗಳಿಕೆಯೇ. ನಾನು ಚಹಾ ಅಲ್ಲೇ ಬಿಟ್ಟು ಮಗಳ ಕೈ ಹಿಡಿದು ಹೊರಗೆ ಬಂದೆ. ಸುಮಾ ಬಸ್ಸು ಹತ್ತುವತನಕ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು. “ಅಜ್ಜಿ ಅಲ್ಲಿ ಯಾಕ ಅದಾಳ?” ಎಂದು ಬಾಗಲಕೋಟೆ ಬರುವವರೆಗೂ ಕೇಳಿದಳು.

ಮನೆಗೆ ಬಂದು ಕೇಳಿದಾಗ ನೀವು ಇಲ್ಲವೆನ್ನಲಿಲ್ಲ. ನಮ್ಮ ಬೀರುವಿನಲ್ಲಿದ್ದ ನನ್ನ ನಕಲುಗಳನ್ನೇ ಒಯ್ದು, ಮತ್ತೆ ಮತ್ತೆ ನಕಲು ಮಾಡಿ ಬನಶಂಕರಿಗೂ ಬಾದಾಮಿಗೂ ಕೊಡುತ್ತಿದ್ದಿರಿ. ನಾನು ಮಧ್ಯಾಹ್ನ ಸುಮಾಳನ್ನು ಬಾಲವಾಡಿಯಿಂದ ಕರೆತರಲು ಹೋಗಿ, ಅಲ್ಲಿಂದ ಹೊಲಿಗೆ ಕ್ಲಾಸಿಗೆ ಹೋದಾಗ, ನಾನು ನಿಧಾನಕ್ಕೆ ಹಚ್ಚಿಟ್ಟಿದ್ದ ಮಷೀನನ್ನು ನೀವು ಎಲ್ಲಕ್ಕಿಂತ ಜೋರಿಗೆ ಓಡಿಸುತ್ತಿದ್ದಿರಿ. ಅದೆಲ್ಲ ಇರಲಿ. ನಾನು ಒಂದೇ ಪ್ರಶ್ನೆ ಕೇಳಿದೆ, ಮಾಡುವುದನ್ನು ಮಾಡಿದಿರಿ, ನಮ್ಮವ್ವನನ್ನಾದರೂ ಅದರಿಂದ ತೆಗೆಯಬಹುದಿತ್ತಲ್ಲ ಎಂದು. ನೀವು ಹೇಳಿದ ಉತ್ತರ ನನಗೆ ಅಕ್ಷರ ಅಕ್ಷರ ನೆನಪಿದೆ: “ಹನ್ನೆರಡು ಸೆಕೆಂಡಿಂದು. ಅದನ್ನ ಯಾರು ತಗೀತಾ ಕೂಡಬೇಕು?”

ಆಮೇಲೆ ನೀವು ಅತ್ತಿರಿ. ಸುಮಾಳ ತಲೆಯ ಮೇಲೆ ಕೈಯಿಟ್ಟು, ಇನ್ನು ಒಂದು ಡಿಸ್ಕೂ ಮಾಡುವುದಿಲ್ಲ ಎಂದು ಆಣೆ ಮಾಡಿದಿರಿ. ನಾನು ನಂಬಿದೆ. ಡಿಸೆಂಬರಿನ ಮೊದಲ ವಾರ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಖಾಲಿ ಡಿಸ್ಕಿನ ಕಟ್ಟು ಸಿಕ್ಕಿತು. ಮತ್ತೆ ಆಣೆಯಾಯಿತು, ಈ ಸಲ ಅವ್ವನ ಫೋಟೋ ಮುಂದೆ. ಹತ್ತು ದಿನಕ್ಕೆ ಮತ್ತೆ ಎರಡು ಕಟ್ಟು, ಹಾಸಿಗೆಯ ಪೆಟ್ಟಿಗೆಯಲ್ಲಿ. ಆಗ ನಾನು ನಿಮಗೆ ಏನೂ ಹೇಳಲಿಲ್ಲ. ಹಾಸಿಗೆ ಸರಿ ಮಾಡಿ ಮುಚ್ಚಿದೆ.

ಡಿಸೆಂಬರ್ ಹತ್ತೊಂಬತ್ತು, ಮಂಗಳವಾರ, ಮಷೀನು ಕೆಟ್ಟಿದೆ, ಮಲೀಕಸಾಬರ ಹತ್ತಿರ ರಿಪೇರಿಗೆ ಕೊಡುತ್ತೇನೆ ಎಂದು ನೀವು ಕಂಪ್ಯೂಟರನ್ನೇ ಎತ್ತಿಕೊಂಡು ಹೋದಿರಿ. ಗುರುವಾರ ಬೆಳಿಗ್ಗೆ ಪೊಲೀಸರು ಬಂದರು. ಯಾರೋ ಫೋನು ಮಾಡಿ ವಿಳಾಸ ಕೊಟ್ಟಿದ್ದರೆಂದು ಅವರೇ ಹೇಳಿದರು. ಅವರು ನೋಡಿದ್ದು ಖಾಲಿ ಮೇಜನ್ನು, ಮತ್ತು ಹಾಸಿಗೆಯ ಪೆಟ್ಟಿಗೆಯಲ್ಲಿ ನಾನು ಮುಚ್ಚಿಟ್ಟ ಕಟ್ಟುಗಳನ್ನು. ಇದನ್ನೆಲ್ಲ ಬರೆಯುವ ಮಷೀನು ಎಲ್ಲಿ ಎಂದು ಕೇಳಿದರು. ನಾನು ಸಾಹೇಬರಿಗೆ ನೀರು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನೀವು ನನ್ನ ಕಡೆ ಒಮ್ಮೆ ನೋಡಿದಿರಿ. ಆಮೇಲೆ ಅಂದಿರಿ, “ಮಷೀನ್ ನನ್ನದಲ್ಲರಿ ಸಾಹೇಬ್ರ. ನನ್ನ ಹೆಂಡತಿ ತಮ್ಮಂದು. ಇವನ್ನೂ ಅವನ ಇಟ್ಟು ಹೋಗ್ಯಾನ. ಇಳಕಲ್ಲಿನ್ಯಾಗ ಅವನ ಮಗ್ಗದ ಮನ್ಯಾಗ ಐತಿ, ಹೋಗಿ ನೋಡ್ರಿ.”

ಅಲ್ಲಿಯವರೆಗೆ ಅದು ಇಳಕಲ್ಲಿಗೆ ಹೋಗಿದೆಯೆಂದೇ ನನಗೆ ಗೊತ್ತಿರಲಿಲ್ಲ.

ನಾನು ಆಗಲೇ ಮಾತಾಡಬೇಕಿತ್ತು. ಮಾತಾಡಲಿಲ್ಲ. ಯಾಕೆಂದರೆ ನೀವು ಇನ್ನೊಂದು ಮಾತು ಹೇಳುತ್ತೀರಿ, ನಾಲಿಗೆ ತಪ್ಪಿತು, ಅದು ನನ್ನದೇ ಅನ್ನುತ್ತೀರಿ ಎಂದು ಕಾಯುತ್ತಿದ್ದೆ. ಜೀಪು ತಿರುವು ದಾಟುವತನಕ ಕಾದೆ. ನೀವು ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದಿರಿ, ಶಿರೂರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದಿರಿ. ಅವರು ಬಸವಂತನನ್ನು ಏನು ಮಾಡುತ್ತಾರೆಂದು ನಾನು ಕೇಳಿದ್ದಕ್ಕೆ, “ಏನೂ ಮಾಡೂದಿಲ್ಲ, ಅವಂಗೇನ ತಿಳೀತೈತಿ ಅಂತ ಬಿಟ್ಟು ಕಳಸ್ತಾರ” ಎಂದು ಶೂಜಿನ ದಾರ ಬಿಗಿದಿರಿ.

ನಾನು ಮಗಳನ್ನು ಎತ್ತಿಕೊಂಡು ಹುನಗುಂದದ ಮೇಲೆ ಹಾದು ಇಳಕಲ್ಲಿಗೆ ಬರುವಷ್ಟರಲ್ಲಿ ಅವನನ್ನು ಠಾಣೆಗೆ ಕರೆದೊಯ್ದಿದ್ದರು. ಮನೆಯ ಬಾಗಿಲು ತೆರೆದೇ ಇತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಲಾಳಿ ಹಾಸಿನ ಮಧ್ಯದಲ್ಲಿ ಇದ್ದಲ್ಲೇ ಬಿದ್ದಿತ್ತು. ಮೂಲೆಯಲ್ಲಿ ಗೋಡೆಗೆ ಹೊಸದಾಗಿ ಸುಣ್ಣ ಬಳಿದು ಒಂದು ಸ್ಟೂಲು ಇಟ್ಟಿದ್ದ. ಅದರ ಮೇಲೆ ಹಾಸಿದ್ದ ಕಸೂತಿಯ ಬಟ್ಟೆ ಮಾತ್ರ ಉಳಿದಿತ್ತು. ಪಕ್ಕದ ಮನೆಯ ಹುಚ್ಚವ್ವ ಹೇಳಿದಳು: ಸೆರಗಿನ ಹೊಸ ನಮೂನೆಗಳನ್ನು ಕಂಪ್ಯೂಟರಿನಲ್ಲಿ ತೆಗೆಯಲು ಮಾಮಾ ಕೊಟ್ಟುಹೋಗಿದ್ದಾರೆ, ಬಂದು ಕಲಿಸುತ್ತಾರೆ ಎಂದು ಅವನು ಓಣಿಯವರನ್ನೆಲ್ಲ ಕರೆದು ತೋರಿಸಿದ್ದನಂತೆ. ಎರಡು ದಿನ ಅದಕ್ಕೆ ಊದಿನಕಡ್ಡಿ ಹಚ್ಚಿದ್ದನಂತೆ. ಶುರು ಮಾಡುವ ಗುಂಡಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

ಎರಡು ದಿನ ಅವನು ಠಾಣೆಯ ಬೆಂಚಿನ ಮೇಲೆ ಕೂತ. ನಾನು ಬುತ್ತಿ ಒಯ್ದು ಕೊಟ್ಟು ಬಂದೆ. ಶುಕ್ರವಾರ ಬಾಗಲಕೋಟೆಗೆ ಹೋಗಿ, ಬೀರುವಿನಲ್ಲಿ ಮದುವೆಯ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದ ಬಿಲ್ಲು ತಂದೆ. ಶನಿವಾರ ಅದನ್ನು ಸಾಹೇಬರ ಮುಂದೆ ಇಟ್ಟೆ. ಮಷೀನು ಕೊಂಡವಳು ನಾನು. ಅದನ್ನು ಇಲ್ಲಿಗೆ ತಂದಿಟ್ಟವರು ನನ್ನ ಗಂಡ. ನನ್ನ ತಮ್ಮನಿಗೆ ಅದರೊಳಗೆ ಏನಿದೆ ಎಂಬುದೂ ಗೊತ್ತಿಲ್ಲ ಎಂದೆ. ಅವರು ಬಿಲ್ಲನ್ನು ಎರಡು ಸಲ ಓದಿ, “ತಂಗಿ, ವಿಚಾರ ಮಾಡಿ ಸಹಿ ಮಾಡ್ರಿ. ಇವನ ಹೆಸರ ಹೋಗಿ ನಿಮ್ಮ ಹೆಸರ ಬೀಳತೈತಿ” ಎಂದರು. ನಾನು ಸಹಿ ಮಾಡಿದೆ. ಅವನನ್ನು ಬಿಟ್ಟರು.

ಹೊರಗೆ ಬಂದು ಬಸವಂತ ಮೊದಲು ಕೇಳಿದ್ದು ಏನೆಂದು ನಿಮಗೆ ತಿಳಿಯಲಿ. “ಅಕ್ಕಾ, ಮಾಮಾರಿಗೆ ಏನೂ ಆಗಿಲ್ಲಲ್ಲ?” ಎಂದ. ನೀವು ಅವನ ಹೆಸರು ಹೇಳಿದ್ದೀರಿ ಎಂದು ಪೊಲೀಸರು ಸುಳ್ಳು ಹೇಳುತ್ತಿದ್ದಾರೆಂದು ಅವನು ತಿಳಿದಿದ್ದ. “ನಮ್ಮ ಮಾಮಾ ಹಂಗ ಅನ್ನೂದಿಲ್ಲ ಅಂತ ಅವರ ಮಾರಿ ಮ್ಯಾಲೇ ಹೇಳೇನಿ” ಎಂದ. ನಾನು ಆಟೋ ನಿಲ್ಲಿಸಿದೆ. ಆಮೇಲೆ, ಮಾಮಾನೇ ಹೇಳಿದ್ದಾರೆ, ನಾನು ಅಲ್ಲೇ ನಿಂತಿದ್ದೆ ಎಂದೆ. ಅವನು ಆಟೋ ಹತ್ತಲಿಲ್ಲ. ಮನೆಯವರೆಗೂ ನನ್ನಿಂದ ಹತ್ತು ಹೆಜ್ಜೆ ಮುಂದೆ ನಡೆದುಕೊಂಡೇ ಬಂದ. ಆ ದಿನದಿಂದ ನಿಮ್ಮ ಹೆಸರೆತ್ತಿಲ್ಲ. ಅವನು ನಿಮ್ಮನ್ನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಈಗ ನಿಮ್ಮ ಪತ್ರದ ಮಾತಿಗೆ ಬರುತ್ತೇನೆ. ಕೇಸು ನಿಮ್ಮ ಮೇಲೆ ಬಂದರೆ ಕಾಲೇಜಿನ ಲ್ಯಾಬಿನ ನೌಕರಿ ಹೋಗುತ್ತದೆ, “ಬಸವಂತ ಮಗ್ಗದವ, ಅವನಿಗೆ ಕಳೆದುಕೊಳ್ಳಲು ಏನಿದೆ” ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ಅವನಿಗೆ ತೋರಿಸಿಲ್ಲ. ನೀವು ಅದನ್ನು ಸಿಟ್ಟಿನಲ್ಲಿ ಬರೆದಿಲ್ಲ ಎಂಬುದೇ ನನಗೆ ಭಯ. ಯೋಚನೆ ಮಾಡಿ, ತಿದ್ದಿ, ಒಳ್ಳೆಯ ಕಾಗದದ ಮೇಲೆ ಬರೆದಿದ್ದೀರಿ. ನಿಮಗೆ ಇಷ್ಟು ವರ್ಷ ಈ ಮನೆಯಲ್ಲಿ ಬಡಿಸಿದವರು, ಹಬ್ಬಕ್ಕೆ ಧೋತ್ರ ಕೊಟ್ಟವರು, ನೀವು ಬಂದರೆ ಮಗ್ಗ ನಿಲ್ಲಿಸಿ ಎದ್ದು ನಿಂತವರು ನಿಮ್ಮ ಕಣ್ಣಿಗೆ ಕಳೆದುಕೊಳ್ಳಲು ಏನೂ ಇಲ್ಲದವರಾಗಿ ಕಂಡಿದ್ದರು. ಅದು ನನಗೆ ಗೊತ್ತಿರಲಿಲ್ಲ.

ಹುನಗುಂದದಲ್ಲಿ ನಾನು ಠಾಣೆಯಲ್ಲಿ ಹೇಳಿದ್ದನ್ನೇ ಹೇಳುತ್ತೇನೆ. ನನಗೆ ಏನಾಗುತ್ತದೋ ಆಗಲಿ. ವಕೀಲರು, ನೀವು ಬಂದು ನಿಜ ಹೇಳಿದರೆ ಇಬ್ಬರಿಗೂ ಹಗುರವಾಗುತ್ತದೆ ಎನ್ನುತ್ತಾರೆ. ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಬಂದರೆ ಮಗಳು ನಿಮ್ಮ ಹತ್ತಿರ ಓಡಿ ಬರುತ್ತಾಳೆ, ನಾನು ತಡೆಯುವುದಿಲ್ಲ. ನವನಗರದ ಮನೆಗೆ ಮಾತ್ರ ನಾನು ಬರುವುದಿಲ್ಲ. ನಿಮ್ಮ ಪುಸ್ತಕ, ಬಟ್ಟೆ, ಕೊಂಡ ಸಿನಿಮಾಗಳು ಎಲ್ಲ ಅಲ್ಲೇ ಇವೆ. ಕೀಲಿ ಮನೆಯ ಮಾಲೀಕರ ಹತ್ತಿರ ಕೊಟ್ಟಿದ್ದೇನೆ. ಸುಮಾಳನ್ನು ಇಲ್ಲಿಯ ಶಾಲೆಗೆ ಹಚ್ಚುತ್ತೇನೆ. ಹೊಲಿಗೆ ಕಲಿತದ್ದು ಉಪಯೋಗಕ್ಕೆ ಬರುತ್ತಿದೆ; ಓಣಿಯ ಹೆಂಗಸರು ಕುಪ್ಪಸದ ಬಟ್ಟೆ ತಂದುಕೊಡುತ್ತಿದ್ದಾರೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಈ ಮಾತು ಕೈ ರೂಢಿಯಿಂದ ಬಂದದ್ದಲ್ಲ. ಹೊಡೆದು ಹಾಕಬೇಕೆಂದು ಪೆನ್ನು ಎತ್ತಿದೆ, ಆಮೇಲೆ ಇರಲೆಂದು ಬಿಟ್ಟೆ.

ಇಷ್ಟು ಬರೆದವಳು,
ಚೇತನಾ

ತಾ.ಕ.: ಪತ್ರ ಮಡಿಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಪೊಲೀಸರಿಗೆ ಸುದ್ದಿ ಕೊಟ್ಟವರು ಮಲೀಕಸಾಬರು, ಬಾಗಲಕೋಟೆಗೆ ಹೋದ ಮೇಲೆ ಅವರನ್ನು ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ಅವರ ತಂಟೆಗೆ ಹೋಗಬೇಡಿ. ಡಿಸೆಂಬರ್ ಹದಿನೆಂಟು, ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ ಬಸ್ ನಿಲ್ದಾಣದ ಟೆಲಿಫೋನ್ ಬೂತಿನಿಂದ ಫೋನು ಮಾಡಿದವಳು ನಾನು. ಮೂರನೆಯ ಸಲ ಆಣೆ ಮಾಡಿಸಲು ನನಗೆ ಮನಸ್ಸು ಬರಲಿಲ್ಲ. ಬಂದು ಮಷೀನು ಒಯ್ದರೆ ಸಾಕು, ನೀವು ಒಂದು ದಿನ ಹೆದರಿಕೊಂಡರೆ ಸಾಕು ಎಂದುಕೊಂಡಿದ್ದೆ. ಮರುದಿನವೇ ನೀವು ಅದನ್ನು ಒಯ್ದಾಗ ಖರೆಯಾಗಿಯೇ ರಿಪೇರಿಗೆ ಎಂದು ನಂಬಿ, ಮತ್ತೊಂದು ಫೋನು ಮಾಡಿ ಬೇಡವೆನ್ನಬೇಕೆಂದು ಬೂತಿನವರೆಗೆ ಹೋಗಿ ತಿರುಗಿ ಬಂದೆ.

ಬಸವಂತನಿಗೆ ಇದು ಗೊತ್ತಿಲ್ಲ. ನನ್ನ ಅಕ್ಕ ನನ್ನನ್ನು ಬಿಡಿಸಿಕೊಂಡು ಬಂದಳು ಎಂದು ಅವನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಇವತ್ತು ಹೇಳಬೇಕೆಂದು ಎರಡು ಸಲ ಅವನ ಮಗ್ಗದ ಹತ್ತಿರ ಹೋಗಿ, ನೀರು ಬೇಕೇನು ಎಂದು ಕೇಳಿ ಬಂದಿದ್ದೇನೆ.